ಕಡಲ ಪಾಚಿಯಲ್ಲಿ ಮಲೇರಿಯಾ ಔಷಧ: ಹುಡುಕುವುದು ಹೇಗೆ, ಗುಳಿಗೆ ಇನ್ನೂ ಯಾಕೆ ಬಂದಿಲ್ಲ?

ಮಳೆಗಾಲ ಹಿಡಿದು ಕೆಲವು ವಾರ ಆಯಿತೆಂದರೆ ಕಲಬುರಗಿ, ಯಾದಗಿರಿ, ಬೀದರ್ ಕಡೆ ದವಾಖಾನೆಗಳ ಮುಂದೆ ಜ್ವರದವರ ಸಾಲು ಶುರುವಾಗುತ್ತದೆ. ಜಾಸ್ತಿ ವೈರಲ್, ಕೆಲವು ಡೆಂಗಿ, ನಡುವೆ ಅಲ್ಲೊಂದು ಇಲ್ಲೊಂದು ಮಲೇರಿಯಾ. ಚಳಿ ಹತ್ತಿ ಗಡಗಡ ನಡುಗುತ್ತಾ ಬಂದವರನ್ನು ಡಾಕ್ಟರು ಮೊದಲು ಕೇಳುವುದು, "ಹೊರಗೆ ಎಲ್ಲಿಗಾದರೂ ಹೋಗಿದ್ರಾ?" ಅಂತ. ಮಂಗಳೂರು, ಮುಂಬೈ, ಗೋವಾ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋದವರು ನಮ್ಮಲ್ಲಿ ಕಡಿಮೆಯೇನಲ್ಲ. ಊರಿಗೆ ಮರಳುವಾಗ ಕೆಲವರ ಜೊತೆ ಜ್ವರವೂ ಬರುತ್ತದೆ.

ಇದರ ನಡುವೆ "ಸಮುದ್ರದ ಪಾಚಿಯಿಂದ ಮಲೇರಿಯಾಕ್ಕೆ ಔಷಧ" ಅನ್ನುವಂಥ ಸುದ್ದಿ ಆಗಾಗ ಮೊಬೈಲಿಗೆ ಬರುತ್ತದೆ. ಓದಿದವರಿಗೆ ಎರಡು ಅನುಮಾನ. ಔಷಧ ಬಂದೇ ಬಿಟ್ಟಿತಾ? ನಮ್ಮೂರ ಕೆರೆಯ ಪಾಚಿಯಲ್ಲೂ ಅದು ಇರುತ್ತಾ? ಔಷಧ ಇನ್ನೂ ಬಂದಿಲ್ಲ. ಕೆರೆಯ ಪಾಚಿಯ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ. ಆದರೆ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಅಣುಗಳು ಕಡಲ ಪಾಚಿಯಲ್ಲಿ ನಿಜವಾಗಿಯೂ ಸಿಕ್ಕಿವೆ. ಅಣು ಸಿಗುವುದಕ್ಕೂ ಗುಳಿಗೆ ಕೈಗೆ ಬರುವುದಕ್ಕೂ ನಡುವೆ ಇರುವ ದಾರಿ ಮಾತ್ರ ಬಹಳ ಉದ್ದ.

ಹಳೇ ಔಷಧ ಇವೆಯಲ್ಲ, ಹೊಸದು ಯಾಕೆ?

ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಒಂದೇ ಕೋಶದ ಪರಾವಲಂಬಿ. ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ. ಇದು ಪತ್ತೆಯಾದದ್ದು ನಮ್ಮ ಪಕ್ಕದಲ್ಲೇ, ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಈ ಪರಾವಲಂಬಿಯನ್ನು ಕಂಡರು. ಆ ಸೊಳ್ಳೆಗಳು ಕುಡಿದದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತ. ಕಚ್ಚಿಸಿಕೊಂಡದ್ದಕ್ಕೆ ಸೊಳ್ಳೆಗೆ ಒಂದಾಣೆಯಂತೆ ಅವರಿಗೆ ಕೊಟ್ಟಿದ್ದರು. ಕಲಬುರಗಿ, ಬೀದರ್, ಯಾದಗಿರಿ ಆಗ ಇದೇ ನಿಜಾಮರ ಸಂಸ್ಥಾನದಲ್ಲಿದ್ದವು.

ನಮ್ಮ ದೇಶದಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಒಂದು ವೈವ್ಯಾಕ್ಸ್. ಜೀವಕ್ಕೆ ಅಪಾಯ ಕಡಿಮೆ, ಆದರೆ ಮತ್ತೆ ಮತ್ತೆ ಮರುಕಳಿಸುತ್ತದೆ. ಇನ್ನೊಂದು ಫಾಲ್ಸಿಪಾರಮ್. ಇದು ಮಿದುಳಿಗೇ ಹತ್ತಬಹುದು, ಜೀವ ತೆಗೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಮಂದಿಗೆ ಮಲೇರಿಯಾ ಬಂತು. ಸುಮಾರು 5 ಲಕ್ಷ 97 ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು.

ಔಷಧಗಳ ಕಥೆ ನೋಡಿ. ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಕ್ವಿನೈನ್ ಬೇರ್ಪಡಿಸಿದರು. 1934ರಲ್ಲಿ ಜರ್ಮನಿಯಲ್ಲಿ ಕ್ಲೋರೋಕ್ವಿನ್ ತಯಾರಾಯಿತು. ಅಗ್ಗದ ಔಷಧ, ಜೋರಾಗಿ ಕೆಲಸ ಮಾಡುತ್ತಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ ಫಾಲ್ಸಿಪಾರಮ್ ಅದಕ್ಕೆ ಜಗ್ಗದಾಯಿತು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನಿಂದ. ಅಷ್ಟರಲ್ಲಿ ಚೀನಾದ ವಿಜ್ಞಾನಿ ಟು ಯುಯು ಅವರ ತಂಡ ಹಳೇ ವೈದ್ಯ ಗ್ರಂಥದ ಸುಳಿವು ಹಿಡಿದು ಒಂದು ಗಿಡದಿಂದ ಆರ್ಟೆಮಿಸಿನಿನ್ ತೆಗೆದಿತ್ತು. ಅದಕ್ಕೆ 2015ರಲ್ಲಿ ನೊಬೆಲ್ ಬಂತು. ಈಗ ಫಾಲ್ಸಿಪಾರಮ್‌ಗೆ ಕೊಡುವ ಚಿಕಿತ್ಸೆಯ ಬೆನ್ನೆಲುಬು ಇದೇ. ಆದರೆ ನೊಬೆಲ್ ಬರುವ ಮೊದಲೇ, 2008ರ ಹೊತ್ತಿಗೆ, ಪಶ್ಚಿಮ ಕಾಂಬೋಡಿಯಾದಲ್ಲಿ ಇದರ ಪರಿಣಾಮ ನಿಧಾನವಾಗತೊಡಗಿತ್ತು. ಈಗ ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲೂ ಅದೇ ಲಕ್ಷಣ ಕಾಣಿಸಿದೆ.

ಅಂದರೆ ಕೈಯಲ್ಲಿರುವ ಔಷಧ ಕೆಲಸ ಮಾಡುತ್ತಿರುವಾಗಲೇ ಮುಂದಿನದನ್ನು ಹುಡುಕಬೇಕು. ಹಳೇ ಔಷಧಗಳಿಗಿಂತ ಬೇರೆ ಜಾಗದಲ್ಲಿ ಪೆಟ್ಟು ಕೊಡುವ ಅಣು ಸಿಕ್ಕರೆ ಇನ್ನೂ ಒಳ್ಳೇದು. ಮರದ ತೊಗಟೆ ನೋಡಿದ್ದಾಯಿತು, ಗಿಡದ ಎಲೆ ನೋಡಿದ್ದಾಯಿತು. ಹಾಗಾಗಿ ಕೆಲವರು ಕಡಲಿಗೆ ಇಳಿದರು.

ರಕ್ತದೊಳಗೆ ಏನಾಗುತ್ತದೆ?

ಔಷಧ ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಪರಾವಲಂಬಿಯ ಊಟದ ಬಗ್ಗೆ ಸ್ವಲ್ಪ ಗೊತ್ತಿರಬೇಕು.

ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಲಿವರ್ ಸೇರುತ್ತದೆ. ಅಲ್ಲಿ ಸದ್ದಿಲ್ಲದೆ ಹೆಚ್ಚಿ, ಆಮೇಲೆ ರಕ್ತಕ್ಕೆ ಇಳಿದು ಕೆಂಪು ರಕ್ತಕಣದೊಳಗೆ ನುಗ್ಗುತ್ತದೆ. ಕೆಂಪು ಕಣದ ತುಂಬ ಇರುವುದು ಹಿಮೋಗ್ಲೋಬಿನ್. ಪರಾವಲಂಬಿ ಅದನ್ನು ತನ್ನೊಳಗಿನ ಒಂದು ಪುಟ್ಟ ಚೀಲಕ್ಕೆ ಎಳೆದುಕೊಂಡು ಅರಗಿಸುತ್ತದೆ. ಹಿಮೋಗ್ಲೋಬಿನ್ ಕತ್ತರಿಸಲು ಅದರ ಬಳಿ ಕೆಲವು ಕಿಣ್ವಗಳಿವೆ. ಅವುಗಳಲ್ಲಿ ಮುಖ್ಯವಾದವುಗಳ ಹೆಸರು ಫಾಲ್ಸಿಪೈನ್. ಕತ್ತರಿಸಿದಾಗ ಹೀಮ್ ಎಂಬ ವಸ್ತು ಉಳಿಯುತ್ತದೆ. ಹೀಮ್ ಪರಾವಲಂಬಿಗೇ ವಿಷ. ಅದಕ್ಕೆ ಅದು ಹೀಮನ್ನು ಹರಳು ಮಾಡಿ ಪಕ್ಕಕ್ಕೆ ಇಡುತ್ತದೆ. ಕ್ಲೋರೋಕ್ವಿನ್ ತಡೆಯುವುದು ಈ ಹರಳು ಕಟ್ಟುವ ಕೆಲಸವನ್ನು. ಆಗ ಪರಾವಲಂಬಿ ತಾನು ತಿಂದದ್ದರ ವಿಷಕ್ಕೆ ತಾನೇ ಸಾಯುತ್ತದೆ.

ಫಾಲ್ಸಿಪಾರಮ್, ವೈವ್ಯಾಕ್ಸ್ ಎರಡರಲ್ಲೂ ಈ ಸುತ್ತು ಮುಗಿಯಲು ಸುಮಾರು 48 ಗಂಟೆ ಬೇಕು. ಫಾಲ್ಸಿಪಾರಮ್‌ನಲ್ಲಿ ಒಂದು ಕಣದೊಳಗೆ ಹೋದ ಒಂದೇ ಪರಾವಲಂಬಿ ಹದಿನಾರೋ ಮೂವತ್ತೆರಡೋ ಆಗಿ ಕಣ ಒಡೆದು ಹೊರಬರುತ್ತದೆ. ಕಣಗಳು ಒಟ್ಟೊಟ್ಟಿಗೆ ಒಡೆಯುವ ಹೊತ್ತಿಗೇ ಚಳಿ, ನಡುಕ, ಸುಡುವ ಜ್ವರ. ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ ಬರುತ್ತದೆ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಸಯನೋಬ್ಯಾಕ್ಟೀರಿಯಾ ಅಂದರೆ ಯಾವುದು?

ಸುದ್ದಿಯಲ್ಲಿ "ಪಾಚಿ" ಅಂತ ಬರುವುದು ನಿಜಕ್ಕೂ ಪಾಚಿ ಅಲ್ಲ, ಬ್ಯಾಕ್ಟೀರಿಯಾ. ಗಿಡಗಳ ಹಾಗೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ, ಹಸಿರಾಗಿ ಕಾಣುತ್ತದೆ, ಅದಕ್ಕೇ ನೀಲಿ-ಹಸಿರು ಪಾಚಿ ಅನ್ನುವ ಹೆಸರು ಅಂಟಿಕೊಂಡಿದೆ. ಕೋಶದೊಳಗೆ ನ್ಯೂಕ್ಲಿಯಸ್ ಇಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಲು ಶುರು ಮಾಡಿದ್ದು ಇವೇ.

ನಮಗೆ ಇವು ಅಪರಿಚಿತವೂ ಅಲ್ಲ. ಶಹಾಪುರ, ಸುರಪುರದ ಕಾಲುವೆ ಕೆಳಗಿನ ಭತ್ತದ ಗದ್ದೆಗಳಂಥ ನಿಂತ ನೀರಿನಲ್ಲಿ ಬೆಳೆಯುತ್ತವೆ. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತವೆ. ಅಂಗಡಿಯಲ್ಲಿ ಮಾರುವ ಸ್ಪಿರುಲಿನಾ ಕೂಡ ಇದೇ ಗುಂಪಿನದು.

ಕಡಲಿನಲ್ಲಿ ಇವು ಹವಳದ ಬಂಡೆ, ಮರಳು, ಮ್ಯಾಂಗ್ರೋವ್ ಬೇರುಗಳ ಮೇಲೆ ಕೂದಲಿನ ಜೊಂಪೆಯ ಹಾಗೆ ಹಬ್ಬುತ್ತವೆ. ಕಂದು, ಕೆಂಪು, ಕಡುಹಸಿರು, ಮುಟ್ಟಿದರೆ ಲೋಳೆ. ಓಡಲು ಕಾಲಿಲ್ಲ, ಮೈಮೇಲೆ ಚಿಪ್ಪಿಲ್ಲ, ಮುಳ್ಳಿಲ್ಲ. ಸುತ್ತ ಹಸಿದ ಮೀನು, ಬಸವನಹುಳು, ಏಡಿ. ಆದರೂ ಬಹುತೇಕ ಪ್ರಾಣಿಗಳು ಇವನ್ನು ಮುಟ್ಟುವುದಿಲ್ಲ. ಕಾರಣ ರಸಾಯನ. ತಿನ್ನಲು ಬಂದವರನ್ನು ದೂರ ಇಡುವ, ಪಕ್ಕದವರ ಬೆಳವಣಿಗೆ ತಡೆಯುವ ನೂರಾರು ಬಗೆಯ ಅಣುಗಳನ್ನು ಇವು ಮಾಡಿಕೊಳ್ಳುತ್ತವೆ. ಲಿಂಗ್‌ಬ್ಯಾ ಎಂಬ ಜಾತಿ ಹಬ್ಬಿದ ನೀರಿನಲ್ಲಿ ಈಜಿದವರಿಗೆ ಮೈಯೆಲ್ಲ ತುರಿಕೆ, ಗುಳ್ಳೆ ಬಂದದ್ದು ಹವಾಯಿಯಲ್ಲೂ ಆಸ್ಟ್ರೇಲಿಯಾದಲ್ಲೂ ದಾಖಲಾಗಿದೆ. ಇನ್ನೊಂದು ಜೀವಿಯ ಕೋಶದ ಮೇಲೆ ಇಷ್ಟು ಜೋರಾಗಿ ಕೆಲಸ ಮಾಡುವ ಅಣು ಪರಾವಲಂಬಿಯ ಮೇಲೂ ಮಾಡಬಹುದಲ್ಲ? ಹುಡುಕಾಟ ನಿಂತಿರುವುದೇ ಈ ಊಹೆಯ ಮೇಲೆ.

ಇಲ್ಲಿ ಒಂದು ವಿಚಿತ್ರ ಹೇಳಲೇಬೇಕು. ಮಲೇರಿಯಾ ಪರಾವಲಂಬಿಯೊಳಗೆ ಎಪಿಕೋಪ್ಲಾಸ್ಟ್ ಎಂಬ ಸಣ್ಣ ಅಂಗ ಇದೆ. ಅದರ ಮೂಲ ಹುಡುಕುತ್ತಾ ಹೋದರೆ ಒಂದು ಕೆಂಪು ಪಾಚಿ, ಅದರ ಹಿಂದೆ ಆ ಪಾಚಿಯ ಪೂರ್ವಜ ನುಂಗಿದ್ದ ಒಂದು ಸಯನೋಬ್ಯಾಕ್ಟೀರಿಯಾ! ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಎಂಬ ಔಷಧ ಮಲೇರಿಯಾದಲ್ಲೂ ನಡೆಯುವುದು ಈ ಅಂಗಕ್ಕೆ ಪೆಟ್ಟು ಕೊಟ್ಟು. ಕಡಲ ಅಣುಗಳ ಹುಡುಕಾಟಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ, ಆದರೂ ಹಳೇ ನೆಂಟಸ್ತನ ತಮಾಷೆಯಾಗಿದೆ ಅಲ್ವಾ?

ಲೋಳೆಯಿಂದ ಅಣುವಿನವರೆಗೆ

ಮುಳುಗುವವರು ನೀರಿಗೆ ಇಳಿದು ಕೈಯಿಂದಲೇ ಜೊಂಪೆ ಕೀಳುತ್ತಾರೆ. ಮಣ್ಣು, ಸಣ್ಣ ಹುಳ ಆರಿಸಿ ತೆಗೆದು ಆಲ್ಕೋಹಾಲಿನಲ್ಲಿ ಹಾಕಿಡುತ್ತಾರೆ. ಸ್ವಲ್ಪ ಭಾಗವನ್ನು ಡಿಎನ್ಎ ಪರೀಕ್ಷೆಗೆ ಬೇರೆ ಇಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ ಎರಡು ಜಾತಿಗಳು ಬೇರೆ ಬೇರೆ ಅಣು ಮಾಡುತ್ತಿರಬಹುದು. ಲ್ಯಾಬಿಗೆ ಬಂದ ಮೇಲೆ ಅದನ್ನು ದ್ರಾವಕದಲ್ಲಿ ನೆನೆಸಿ, ಸೋಸಿ, ದ್ರಾವಕ ಆರಿಸಿದರೆ ತಳದಲ್ಲಿ ಕಪ್ಪು-ಹಸಿರು ಅಂಟು ಉಳಿಯುತ್ತದೆ. ಅದರೊಳಗೆ ಸಾವಿರಾರು ಅಣುಗಳ ಕಲಬೆರಕೆ.

ಮುಂದಿನದು ಕಲಬುರಗಿಯ ದಾಲ್ ಮಿಲ್ ಒಳಗೆ ಹೋಗಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ರೈತ ತಂದ ತೊಗರಿ ಮೊದಲು ಜರಡಿಗೆ. ಕಲ್ಲು, ಕಡ್ಡಿ, ಮಣ್ಣು ಬೇರೆ. ಆಮೇಲೆ ಹೊಟ್ಟು ಬೇರೆ, ನುಚ್ಚು ಬೇರೆ, ಬೇಳೆ ಬೇರೆ. ಕೊನೆಗೆ ಒಂದೇ ಗಾತ್ರದ ಒಂದೇ ಬಣ್ಣದ ಬೇಳೆ ಚೀಲಕ್ಕೆ ಬೀಳುತ್ತದೆ. ಲ್ಯಾಬಿನಲ್ಲೂ ಹೀಗೆ ಬೇರ್ಪಡಿಸುತ್ತಾ ಹೋಗುವುದೇ ಕೆಲಸ. ಅಂಟನ್ನು ಸಿಲಿಕಾ ಪುಡಿ ತುಂಬಿದ ಕೊಳವೆಯ ಮೇಲೆ ಹಾಕಿ ಒಂದರ ಹಿಂದೆ ಒಂದು ದ್ರಾವಕ ಸುರಿದರೆ ಅಣುಗಳು ತಮ್ಮ ಗುಣಕ್ಕೆ ತಕ್ಕಂತೆ ಬೇರೆ ಬೇರೆ ಹೊತ್ತಿಗೆ ಕೆಳಗೆ ಇಳಿಯುತ್ತವೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬೇಳೆ ಹೇಗಿರುತ್ತದೆ ಅಂತ ಮಿಲ್ಲಿನವರಿಗೆ ಗೊತ್ತು. ಲ್ಯಾಬಿನವರಿಗೆ ತಾವು ಹುಡುಕುತ್ತಿರುವ ಕಾಳು ಹೇಗಿದೆ ಅಂತಲೇ ಗೊತ್ತಿಲ್ಲ. ಹಾಗಾಗಿ ಒಂದೊಂದು ಜರಡಿ ಆದ ಮೇಲೂ ಒಂದೊಂದು ಪಾಲನ್ನೂ ಪರಾವಲಂಬಿಯ ಮೇಲೆ ಹಾಕಿ ನೋಡಬೇಕು. ಕೊಲ್ಲುವ ಪಾಲನ್ನು ಮಾತ್ರ ಮುಂದಿನ ಜರಡಿಗೆ ಒಯ್ಯಬೇಕು.

ಹೀಗೆ ಹಾಕಿ ನೋಡಲು ಪರಾವಲಂಬಿ ಲ್ಯಾಬಿನಲ್ಲಿ ಬದುಕಿರಬೇಕಲ್ಲ. ಬಹಳ ಕಾಲ ಅದು ಸಾಧ್ಯವಾಗಿರಲಿಲ್ಲ. 1976ರಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಫಾಲ್ಸಿಪಾರಮ್ಮನ್ನು ಮನುಷ್ಯರ ರಕ್ತಕಣದಲ್ಲಿ ಸತತವಾಗಿ ಬೆಳೆಸುವ ದಾರಿ ಕಂಡುಕೊಂಡರು. ಅದಕ್ಕೆ ಆಮ್ಲಜನಕ ಕಡಿಮೆ ಬೇಕು. ಅವರು ಬಳಸಿದ ಉಪಾಯ ಒಂದು ಮೇಣದಬತ್ತಿ. ತಟ್ಟೆಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಒಳಗೆ ಬತ್ತಿ ಹಚ್ಚಿ, ಅದು ಆರಿದ ಕೂಡಲೇ ಜಾಡಿ ಬಿಗಿಯಾಗಿ ಮುಚ್ಚುವುದು, ಅಷ್ಟೇ.

ಪರಾವಲಂಬಿ ಸತ್ತಿದೆಯೋ ಇಲ್ಲವೋ ಅಂತ ತಿಳಿಯುವ ವಿಧಾನವೂ ಚೆನ್ನಾಗಿದೆ. ನಮ್ಮ ಬಲಿತ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಾಗಾಗಿ ಅದರ ಡಿಎನ್ಎಯೂ ಇಲ್ಲ. ಡಿಎನ್ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿದರೆ ಹೊಳೆಯುವುದೆಲ್ಲ ಪರಾವಲಂಬಿ. ಹೊಳಪು ಇಳಿದಷ್ಟೂ ಔಷಧ ಕೆಲಸ ಮಾಡಿದೆ ಅಂತ ಅರ್ಥ. ಅರ್ಧದಷ್ಟು ಪರಾವಲಂಬಿಯನ್ನು ತಡೆಯಲು ಎಷ್ಟು ಅಣು ಬೇಕಾಯಿತು ಅನ್ನುವುದೇ ಅದರ ಬಲದ ಅಳತೆ. ಅದನ್ನು ಮೈಕ್ರೋಮೋಲಾರ್, ನ್ಯಾನೋಮೋಲಾರ್ ಲೆಕ್ಕದಲ್ಲಿ ಹೇಳುತ್ತಾರೆ. ಅಂಕಿ ಚಿಕ್ಕದಾದಷ್ಟೂ ಅಣು ಜೋರು. 1000 ನ್ಯಾನೋ ಸೇರಿದರೆ 1 ಮೈಕ್ರೋ.

ಕೊನೆಗೆ ಒಂಟಿ ಅಣು ಕೈಗೆ ಬಂದಾಗ ಅದರ ತೂಕ ಹಿಡಿಯಲು ಮಾಸ್ ಸ್ಪೆಕ್ಟ್ರೋಮೀಟರ್. ಯಾವ ಪರಮಾಣುವಿನ ಪಕ್ಕ ಯಾವುದಿದೆ ಅಂತ ತಿಳಿಯಲು ಎನ್ಎಂಆರ್ ಯಂತ್ರ. ದವಾಖಾನೆಯ ಎಂಆರ್‌ಐ ಸ್ಕ್ಯಾನ್ ನಡೆಯುವುದೂ ಇದೇ ತತ್ವದ ಮೇಲೆ. ಇಷ್ಟೆಲ್ಲ ಮಾಡಿ ನೋಡಿದರೆ ಹಳೇ, ಗೊತ್ತಿದ್ದ ಅಣುವೇ ಮತ್ತೆ ಸಿಕ್ಕಿರುವುದೂ ಉಂಟು. ಅದಕ್ಕೆ ಈಗ ಮೊದಲೇ ಕಂಪ್ಯೂಟರಿನಲ್ಲಿ ಹಳೇ ಅಣುಗಳ ಭಂಡಾರಕ್ಕೆ ಹೋಲಿಸಿ ನೋಡುತ್ತಾರೆ.

ಎರಡು ಹೆಸರಿನ ಒಂದು ಅಣು

ಪನಾಮಾ ದೇಶದ ಕಡಲತೀರ ಈ ಹುಡುಕಾಟದಲ್ಲಿ ದೊಡ್ಡ ಹೆಸರು. ಅಲ್ಲಿನ ಸಂಶೋಧಕರೂ ಅಮೆರಿಕದ ಸಂಶೋಧಕರೂ ಸೇರಿ ಹವಳದ ದಂಡೆಗಳಿಂದ ಮಾದರಿ ತಂದರು. 2007ರಲ್ಲಿ ವೆಂಚುರಮೈಡ್, ಕಾರ್ಮಾಬಿನ್, ಡ್ರ್ಯಾಗೋಮಾಬಿನ್ ಎಂಬ ಅಣುಗಳು ಫಾಲ್ಸಿಪಾರಮ್ ಮೇಲೆ ಕೆಲಸ ಮಾಡುವುದು ವರದಿಯಾಯಿತು. ಬಲ ಸಾಧಾರಣ, ಕೆಲವು ಮೈಕ್ರೋಮೋಲಾರ್.

2009ರಲ್ಲಿ ಅದೇ ಪನಾಮಾದ ಸ್ಕಿಜೋಥ್ರಿಕ್ಸ್ ಜಾತಿಯಿಂದ ಗ್ಯಾಲಿನಮೈಡ್-ಎ ಬಂತು. ಅಳತೆ 8.4 ಮೈಕ್ರೋಮೋಲಾರ್, ಅಂಥ ವಿಶೇಷವೇನೂ ಇಲ್ಲ. ಅದರ ರಚನೆಯಲ್ಲಿ ಒಂದು ಜಾಗದ ತಿರುವು ಎಡಕ್ಕೋ ಬಲಕ್ಕೋ ಅನ್ನುವುದೂ ತೀರ್ಮಾನವಾಗದೆ ಉಳಿಯಿತು. ಅದೇ ವರ್ಷ ಫ್ಲೋರಿಡಾದ ಕಡಲಲ್ಲಿ ಸಿಂಪ್ಲೋಕಾ ಎಂಬ ಬೇರೆ ಜಾತಿಯಿಂದ ಇನ್ನೊಂದು ತಂಡ ಸಿಂಪ್ಲೋಸ್ಟ್ಯಾಟಿನ್-4 ತೆಗೆದಿತ್ತು. ಆಸ್ಟ್ರೇಲಿಯಾದ ರಸಾಯನ ವಿಜ್ಞಾನಿಗಳು ಲ್ಯಾಬಿನಲ್ಲೇ ಅಣುವನ್ನು ಕಟ್ಟಿ ನೋಡಿದಾಗ ವಿಷಯ ಹೊರಬಂತು. ಎರಡೂ ಒಂದೇ! ಹಾಗೆ ಕಟ್ಟಿದ ಶುದ್ಧ ಅಣು ನ್ಯಾನೋಮೋಲಾರ್ ಮಟ್ಟದಲ್ಲೇ ಪರಾವಲಂಬಿಯನ್ನು ತಡೆಯಿತು.

ಅದು ಹೇಗೆ ಕೊಲ್ಲುತ್ತದೆ ಅನ್ನುವುದು 2012ರಲ್ಲಿ ಗೊತ್ತಾಯಿತು. ಅಣು ಹೋಗಿ ಹಿಡಿಯುವುದು ಮೇಲೆ ಹೇಳಿದ ಫಾಲ್ಸಿಪೈನ್ ಕಿಣ್ವವನ್ನು. ಒಮ್ಮೆ ಅಂಟಿದರೆ ಬಿಡುವುದಿಲ್ಲ. ಹಿಮೋಗ್ಲೋಬಿನ್ ಒಳಗೆ ಬರುತ್ತಲೇ ಇರುತ್ತದೆ, ಕತ್ತರಿಸುವವರಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪರಾವಲಂಬಿಯ ಆಹಾರದ ಚೀಲ ಅರಗದ ಹಿಮೋಗ್ಲೋಬಿನ್ ತುಂಬಿ ಉಬ್ಬಿಕೊಂಡಿರುತ್ತದೆ. ಕ್ಲೋರೋಕ್ವಿನ್ ತಡೆಯುವುದು ಊಟದ ನಂತರದ ಹಂತವನ್ನು, ಇದು ತಡೆಯುವುದು ಊಟವನ್ನೇ. ಹೊಸ ಜಾಗದ ಪೆಟ್ಟು ಅಂದರೆ ಇದೇ.

ಪನಾಮಾದಿಂದಲೇ 2015ರಲ್ಲಿ ಬ್ಯಾಸ್ಟಿಮೋಲೈಡ್-ಎ ಬಂತು. 40 ಪರಮಾಣುಗಳ ದೊಡ್ಡ ಉಂಗುರದಂಥ ಅಣು. ಹಲವು ಔಷಧಕ್ಕೆ ಜಗ್ಗದ ನಾಲ್ಕು ಬಗೆಯ ಫಾಲ್ಸಿಪಾರಮ್ ಮೇಲೆ 80ರಿಂದ 270 ನ್ಯಾನೋಮೋಲಾರ್ ಮಟ್ಟದಲ್ಲೇ ಕೆಲಸ ಮಾಡಿತು. ಜಪಾನಿನ ಕಡಲಿನಿಂದ 2020ರಲ್ಲಿ ಇಕೋಅಮೈಡ್ ಎಂಬ ಇನ್ನೊಂದು ಬಂತು.

ತಟ್ಟೆಯಲ್ಲಿ ಸತ್ತರೆ ಸಾಲದು

ಪರಾವಲಂಬಿಯನ್ನು ಕೊಲ್ಲುವುದು ಕಷ್ಟವಲ್ಲ. ಆಸಿಡ್ ಹಾಕಿದರೂ ಸಾಯುತ್ತದೆ. ಪರಾವಲಂಬಿ ಸಾಯಬೇಕು, ರೋಗಿ ಉಳಿಯಬೇಕು, ಕಷ್ಟ ಇರುವುದು ಅಲ್ಲಿ. ಸಿಂಗಪುರದ ಕಡಲಿನಿಂದ 2010ರಲ್ಲಿ ಬಂದ ಲಗುನಮೈಡ್-ಎ ನೋಡಿ. ಫಾಲ್ಸಿಪಾರಮ್ ಮೇಲೆ 0.19 ಮೈಕ್ರೋಮೋಲಾರ್, ಒಳ್ಳೇ ಅಂಕಿ. ಆದರೆ ಇಲಿಯ ರಕ್ತ ಕ್ಯಾನ್ಸರಿನ ಕೋಶಗಳನ್ನು ಅದು ಇನ್ನೂ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಕೊಂದಿತು. ಅಂಥದ್ದನ್ನು ಮಲೇರಿಯಾ ಮಗುವಿಗೆ ಕೊಡಲಾದೀತೇ? ಗ್ಯಾಲಿನಮೈಡ್‌ಗೂ ಇಂಥ ತೊಡಕಿದೆ. ನಮ್ಮ ದೇಹದಲ್ಲಿರುವ ಕೆಥೆಪ್ಸಿನ್-ಎಲ್ ಎಂಬ ಕಿಣ್ವ ಫಾಲ್ಸಿಪೈನಿನ ಜಾತಿಯದೇ. ಅಣು ಅದನ್ನೂ ಹಿಡಿಯುತ್ತದೆ. ಹಾಗಾಗಿ ಅಣುವಿನ ತುದಿಗಳನ್ನು ಅಷ್ಟಿಷ್ಟು ಬದಲಿಸಿ, ಫಾಲ್ಸಿಪೈನನ್ನೇ ಹೆಚ್ಚು ಹಿಡಿಯುವ ಆವೃತ್ತಿಗಳನ್ನು ತಯಾರಿಸಿ ನೋಡುತ್ತಿದ್ದಾರೆ.

ಇನ್ನೊಂದು ತಲೆನೋವು ಪೂರೈಕೆ. ಕಡಲಿನಿಂದ ತಂದ ರಾಶಿಯಲ್ಲಿ ಕೊನೆಗೆ ಸಿಗುವುದು ಕೆಲವು ಮಿಲಿಗ್ರಾಂ. ಲ್ಯಾಬಿನ ತೊಟ್ಟಿಯಲ್ಲಿ ಬೆಳೆಸೋಣ ಅಂದರೆ ಇವು ಬಹಳ ನಿಧಾನ. ಹವಳದ ದಂಡೆ ಬೋಳಿಸುವುದಂತೂ ಆಗದ ಮಾತು. ರಸಾಯನಶಾಲೆಯಲ್ಲಿ ಕಟ್ಟಬಹುದು, ಆದರೆ ಬ್ಯಾಸ್ಟಿಮೋಲೈಡಿನಂಥ ಅಣುವಿಗೆ ಹತ್ತಾರು ಹಂತ ಬೇಕು. ಮಲೇರಿಯಾ ಬಡವರ ರೋಗ, ಗುಳಿಗೆ ಅಗ್ಗವಾಗಿಯೇ ಇರಬೇಕು. ಅಣು ಮಾಡುವ ಜೀನ್‌ಗಳನ್ನು ಬೇಗ ಬೆಳೆಯುವ ಬೇರೆ ಬ್ಯಾಕ್ಟೀರಿಯಾಕ್ಕೆ ಸೇರಿಸುವ ಪ್ರಯತ್ನವೂ ನಡೆದಿದೆ.

ಇದೆಲ್ಲ ದಾಟಿದರೂ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಹಾಳಾಗದೆ ರಕ್ತ ಸೇರಬೇಕು. ಇಲ್ಲಿ ಹೇಳಿದ ಅಣುಗಳಲ್ಲಿ ಹಲವು ಪ್ರೋಟೀನಿನ ತುಂಡುಗಳಂಥವು, ಹೊಟ್ಟೆ ಅವನ್ನು ಊಟ ಅಂದುಕೊಂಡು ಅರಗಿಸಿಬಿಡುವ ಸಂಭವ ಹೆಚ್ಚು. ಆಮೇಲೆ ಇಲಿ, ಆಮೇಲೆ ಮನುಷ್ಯರ ಮೇಲೆ ಮೂರು ಹಂತದ ಪರೀಕ್ಷೆ. ಇವತ್ತಿಗೆ ಕಡಲ ಸಯನೋಬ್ಯಾಕ್ಟೀರಿಯಾದಿಂದ ಬಂದ ಒಂದೂ ಮಲೇರಿಯಾ ಔಷಧ ಅಂಗಡಿಯಲ್ಲಿ ಇಲ್ಲ.

ಹಾಗಂತ ಇದು ಬರೀ ಕನಸು ಅನ್ನುವಂತಿಲ್ಲ. ಡೋಲಾಸ್ಟ್ಯಾಟಿನ್-10 ಎಂಬ ಅಣುವಿನ ರಚನೆ 1987ರಲ್ಲಿ ವರದಿಯಾಯಿತು. ಕಡಲ ಮೊಲ ಅನ್ನುವ, ಹೊರಗೆ ಚಿಪ್ಪು ಕಾಣದ ಬಸವನಹುಳುವಿನಲ್ಲಿ ಸಿಕ್ಕಿತ್ತು. ನಿಜವಾದ ತಯಾರಕ ಆ ಹುಳು ತಿನ್ನುವ ಸಯನೋಬ್ಯಾಕ್ಟೀರಿಯಾ ಅಂತ 2001ರಲ್ಲಿ ಖಚಿತವಾಯಿತು. ಅದರ ಮಾದರಿಯಲ್ಲಿ ತಯಾರಿಸಿದ ಅಣುವನ್ನು ಹೊತ್ತ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಅದನ್ನು ಕೊಡುತ್ತಾರೆ. ರಚನೆ ವರದಿಯಾದಲ್ಲಿಂದ ಔಷಧಕ್ಕೆ 24 ವರ್ಷ. ಅದೂ ದುಡ್ಡು ಸುರಿಯುವವರು ಜಾಸ್ತಿ ಇರುವ ಕ್ಯಾನ್ಸರ್ ಕ್ಷೇತ್ರದಲ್ಲಿ.

ಹಾಗಾದರೆ ಕೆರೆಯ ಪಾಚಿ, ಸ್ಪಿರುಲಿನಾ?

ಸ್ಪಿರುಲಿನಾ ಪ್ರೋಟೀನಿನ ಪೂರಕ ಆಹಾರ. ಮಲೇರಿಯಾಕ್ಕೆ ಅದು ಚಿಕಿತ್ಸೆ ಅಲ್ಲ. ಕೆರೆ, ತೊಟ್ಟಿಗಳಲ್ಲಿ ಬೇಸಿಗೆಗೆ ಹಸಿರು ಬಣ್ಣ ಬಳಿದಂತೆ ತೇಲುವ ಪದರದಲ್ಲಿ ಮೈಕ್ರೋಸಿಸ್ಟಿಸ್ ಎಂಬ ಜಾತಿ ಇರಬಹುದು. ಅದರ ವಿಷ ಲಿವರ್‌ಗೆ ಹಾನಿ ಮಾಡುತ್ತದೆ. ಆ ನೀರು ಕುಡಿದ ದನಗಳು ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಔಷಧ ಅಂತ ಅದನ್ನು ಬಾಯಿಗೆ ಹಾಕುವ ಯೋಚನೆಯೇ ಬೇಡ.

ಸದ್ಯ ನಮ್ಮ ಕೈಯಲ್ಲಿರುವ ಔಷಧಗಳು ನಮ್ಮಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಚಳಿಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಪುಕ್ಕಟೆ. ವೈವ್ಯಾಕ್ಸ್ ಅಂತ ಬಂದರೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್. ಹೆಚ್ಚಿನವರು ಎಡವುವುದು ಈ 14 ದಿನದಲ್ಲೇ. ಜ್ವರ ಬಿಟ್ಟಿತು ಅಂತ ಗುಳಿಗೆ ಬಿಟ್ಟು ಮತ್ತೆ ಗುಳೆಗೆ ಹೊರಡುತ್ತಾರೆ. ಆದರೆ ವೈವ್ಯಾಕ್ಸ್‌ನ ಒಂದಷ್ಟು ಪರಾವಲಂಬಿಗಳು ಲಿವರ್‌ನಲ್ಲಿ ನಿದ್ದೆ ಹೊಡೆಯುತ್ತಾ ಕೂತಿರುತ್ತವೆ, ತಿಂಗಳುಗಳ ನಂತರ ಎದ್ದು ಬರುತ್ತವೆ. ಕ್ಲೋರೋಕ್ವಿನ್ ಅವುಗಳ ತಂಟೆಗೇ ಹೋಗುವುದಿಲ್ಲ, ಅವನ್ನು ಕೊಲ್ಲುವುದು ಪ್ರೈಮಾಕ್ವಿನ್. ಆದರೆ ಗರ್ಭಿಣಿಯರಿಗೆ ಮತ್ತು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಗುಳಿಗೆ ಅಪಾಯ. ಹಾಗಾಗಿ ಅಂಗಡಿಯಿಂದ ತಾವೇ ತಂದು ನುಂಗದೆ, ಡಾಕ್ಟರಿಗೋ ಆಶಾ ಕಾರ್ಯಕರ್ತೆಗೋ ಮೊದಲೇ ಹೇಳಿ ತೆಗೆದುಕೊಳ್ಳಬೇಕು.